ಹೊಗೆಗೆ ತೆರುವ ಬೆಲೆ

ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕಣ್ಣುಜ್ಜಿಕೊಳ್ಳುತ್ತಿದ್ದ ತಾಯಂದಿರನ್ನು ಹೊಗೆಯಿಂದ ಪಾರುಮಾಡಲು ಈ ದೇಶವು ಬಹಳ ವರ್ಷ ಹೆಣಗಿತು. ಅನಿಲದ ಸಿಲಿಂಡರು ಮೊದಲು ನಗರಗಳಿಗೆ ಬಂದು, ಬಳಿಕ ಹಳ್ಳಿಗಳತ್ತ ನಡೆದು, 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಮೂಲಕ ಬಡವರ ಅಡಿಗೆಮನೆಯನ್ನೂ ಮುಟ್ಟಿತು. ಅದೇ ಕಾಲದಲ್ಲಿ ಮಹಾನಗರದ ಮಧ್ಯಮ ವರ್ಗದ ಗೃಹಸ್ಥನು ಕೈಯಿಂದ ಹಣ ಕೊಟ್ಟು ಹೊಗೆಯನ್ನು ಮನೆಗೆ ತರಲು ಹೊರಟಿರುವುದು ವಿಚಿತ್ರವಾದರೂ ಸತ್ಯ. ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಅಮೆರಿಕದ 'ಸ್ಮೋಕರ್' ಎಂಬ ಉಪಕರಣ ಈಗ ನಮ್ಮ ಮಹಾನಗರಗಳಲ್ಲಿಯೂ ಮಾರಾಟಕ್ಕಿದೆ. ಪರದೇಶದಿಂದ ರಜೆಗೆ ಬಂದ ಮಗನೋ ಅಳಿಯನೋ ಅದರ ರುಚಿಯನ್ನು ಬಣ್ಣಿಸಿ ಹೋದ ಮೇಲೆ, ಮನೆಯ ಯಜಮಾನನು ಬೆಲೆಪಟ್ಟಿಗಳನ್ನು ತೆರೆದು ಕೂರುತ್ತಾನೆ. ಸ್ಮೋಕರ್ ಎಂದೊಡನೆ ಹಿರಿಯರ ಕಣ್ಣ ಮುಂದೆ ಬೀಡಿ ಸೇದುವವನ ಚಿತ್ರ ನಿಲ್ಲುವುದರಿಂದ ಇಲ್ಲಿ ಅದನ್ನು ಹೊಗೆಯೊಲೆ ಎಂದು ಕರೆಯುವುದೇ ಕ್ಷೇಮ.

ಬೆಲೆಪಟ್ಟಿಯನ್ನು ತೆರೆದವನು ಮೊದಲು ಕೇಳುವ ಪ್ರಶ್ನೆ 'ಯಾವ ಯಂತ್ರ ಉತ್ತಮ?' ಎಂಬುದು. ಪರಿಮಿತ ವರಮಾನದ ಸಂಸಾರಿಗೆ ಇದು ಮೂರನೆಯದೋ ನಾಲ್ಕನೆಯದೋ ಆಗಬೇಕಾದ ಪ್ರಶ್ನೆ. ಅದನ್ನು ಇಡಲು ಬಯಲು ಜಾಗವಿದೆಯೇ, ವರ್ಷಕ್ಕೆ ಎಷ್ಟು ಸಲ ಹೊತ್ತಿಸಲಾದೀತು, ಅದರಲ್ಲಿ ಬೇಯುವ ಮಾಂಸ ಯಾವುದು ಎಂಬ ಮೂರು ವಿಚಾರಗಳು ಇತ್ಯರ್ಥವಾದರೆ ಯಂತ್ರದ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಮುಗಿಯುತ್ತದೆ. ಮುಚ್ಚಳವುಳ್ಳ ಸಾಧಾರಣ ಇದ್ದಿಲು ಒಲೆಯೊಂದು, ನಂಬಿಕೆಗೆ ಅರ್ಹವಾದ ಎರಡು ಉಷ್ಣಮಾಪಕಗಳು—ಮೊದಲ ಸಲ ಕೊಳ್ಳುವವನಿಗೆ ಇಷ್ಟರಿಂದಾಚೆಗೆ ಏನೂ ಬೇಕಿಲ್ಲ. ಬಯಲು ಜಾಗವಿಲ್ಲದವನಿಗೆ ಇಷ್ಟೂ ಬೇಡ.

ದೊಡ್ಡ ಯಂತ್ರಗಳು ಹುಟ್ಟಿದ ಸನ್ನಿವೇಶವನ್ನು ನೋಡಿದರೆ ಈ ಮಾತಿನ ಕಾರಣ ತಿಳಿಯುತ್ತದೆ. ಟೆಕ್ಸಾಸಿನ ಮಧ್ಯಭಾಗದಲ್ಲಿ ನೆಲೆಸಿದ ಜರ್ಮನ್ ಮತ್ತು ಚೆಕ್ ವಲಸಿಗರು ತಮ್ಮ ಮಾಂಸದಂಗಡಿಗಳಲ್ಲಿ ಮಾರಾಟವಾಗದೆ ಉಳಿದುದನ್ನು ಹೊಗೆಗೆ ಹಾಕಿ ಮಾರುತ್ತಿದ್ದರು. ಅಲ್ಲಿಯ ಪ್ರಸಿದ್ಧ ಭಕ್ಷ್ಯವೆನಿಸಿದ ದನದ ಎದೆಯ ಭಾಗ ಐದಾರು ಕಿಲೋ ತೂಗುವ, ನಾರಿನಿಂದ ಬಿಗಿದ ಮಾಂಸ. ಅದು ಮೆತ್ತಗಾಗಲು ಹತ್ತು ಹನ್ನೆರಡು ಗಂಟೆ ಬೇಕು. ಅಷ್ಟು ದೊಡ್ಡ ತುಂಡನ್ನು ಅಷ್ಟು ಹೊತ್ತು ಒಂದೇ ಕಾವಿನಲ್ಲಿಡಲು ದಪ್ಪ ಕಬ್ಬಿಣದ ಕೊಳವೆಯಾಕಾರದ ಒಲೆ, ಪಕ್ಕದಲ್ಲಿ ಪ್ರತ್ಯೇಕ ಬೆಂಕಿಗೂಡು, ಸೌದೆಯ ರಾಶಿ, ಮನೆಯ ಹಿಂದೆ ವಿಶಾಲವಾದ ಹಿತ್ತಲು ಇವೆಲ್ಲ ಅಲ್ಲಿಯ ಸಂಸಾರಕ್ಕೆ ಒಪ್ಪುವ ವಸ್ತುಗಳು. ಮುಂಬಯಿಯ ಬಂಟರ ಮನೆಯಲ್ಲಾಗಲಿ, ಮಂಗಳೂರು ಕಡೆಯ ಕ್ರೈಸ್ತರ ಮನೆಯಲ್ಲಾಗಲಿ, ಪುಣೆಯಲ್ಲಿ ನೆಲೆಸಿದ ಕೊಡವರ ಮನೆಯಲ್ಲಾಗಲಿ ಹೊಗೆಯೊಲೆಗೆ ಏರುವುದು ಕೋಳಿ, ಬಂಗುಡೆ, ಬಹಳವೆಂದರೆ ಎರಡು ಕಿಲೋ ಹಂದಿಯ ಹೆಗಲಿನ ಮಾಂಸ. ಬಂಗುಡೆಗೆ ಒಂದು ಗಂಟೆ ಸಾಕು. ಇಡೀ ಕೋಳಿಗೆ ತುಸು ಹೆಚ್ಚು ಕಾವಿನಲ್ಲಿ ಎರಡು ಗಂಟೆ. ಹಂದಿಗೆ ಆರೇಳು ಗಂಟೆ. ಇಷ್ಟಕ್ಕಾಗಿ ಟೆಕ್ಸಾಸಿನ ಯಂತ್ರವನ್ನು ತರಿಸುವುದೆಂದರೆ ನಾಲ್ಕು ಜನರ ಮನೆಗೆ ಛತ್ರದ ಕೊಪ್ಪರಿಗೆಯನ್ನು ತಂದಂತೆ.

ಹೊಗೆಯಲ್ಲಿ ಮಾಂಸವಿಡುವುದು ಕನ್ನಡ ನಾಡಿಗೇನೂ ಹೊಸದಲ್ಲ. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಒಲೆಯ ಮೇಲಿನ ಅಟ್ಟದಲ್ಲಿ ಮಾಂಸದ ಸೀಳುಗಳನ್ನು ತೂಗುಹಾಕಿ, ಜಡಿಮಳೆಯ ತಿಂಗಳುಗಳಿಗಾಗಿ ಒಣಗಿಸಿಡುತ್ತಿದ್ದರು. ದೆಹಲಿಯ ಹುಮಾಯೂನ್‌ಪುರದ ಕಡೆಗೆ ಹೋಗಿಬಂದವರು ನಾಗಾ ಜನರ ಹೊಗೆಯ ಹಂದಿಮಾಂಸವನ್ನು ನೋಡಿರಬಹುದು. ಅದೂ ಇದೇ ಜಾತಿಯದು. ಆದರೆ ಅಟ್ಟದ ಹೊಗೆ ಬೇರೆ, ಈ ಉಪಕರಣದ ಹೊಗೆ ಬೇರೆ. ಅಟ್ಟದಲ್ಲಿ ದಿನಗಟ್ಟಲೆ ನಡೆಯುವುದು ಒಣಗಿಸುವ ಕೆಲಸ. ನೀರಿನ ಅಂಶ ಹೋಗುವುದರಿಂದ ಮಾಂಸ ಕೆಡದೆ ಉಳಿಯುತ್ತದೆ. ಹೊಗೆಯೊಲೆಯಲ್ಲಿ ನಡೆಯುವುದು ಬೇಯಿಸುವ ಕೆಲಸ. ಇಲ್ಲಿ ಹೊಗೆ ರುಚಿಗಾಗಿ ಮಾತ್ರ. ಹೊಗೆ ಹಿಡಿದಿದೆ, ಕೆಡುವುದಿಲ್ಲವೆಂದು ನಂಬಿ ಇಂಥ ಮಾಂಸವನ್ನು ರಾತ್ರಿಯಿಡೀ ಹೊರಗಿಟ್ಟವನು ಮರುದಿನ ವೈದ್ಯರ ಬಾಗಿಲು ಕಾಯಬೇಕಾದೀತು. ಬೇಯಿಸದೆ ತಣ್ಣನೆಯ ಹೊಗೆಯಲ್ಲಿ ದಿನಗಳ ಕಾಲ ಇಡುವ, ಪೆಟ್ಲುಪ್ಪಿನ ಬಳಗಕ್ಕೆ ಸೇರಿದ ನೈಟ್ರೈಟ್ ಲವಣಗಳನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಹಚ್ಚುವ ಯೂರೋಪಿನ ಪದ್ಧತಿಗಳೂ ಉಂಟು. ತೂಕ ತಪ್ಪಿದರೆ ಒಂದು ಕಡೆ ಬಾಟುಲಿಸಂ ಎಂಬ ಮಾರಕ ವಿಷ, ಇನ್ನೊಂದು ಕಡೆ ನೈಟ್ರೈಟಿನದೇ ವಿಷ. ಹೊಸಬನು ಆ ದಾರಿಗೆ ಹೋಗಲೇಬಾರದು.

ಇನ್ನು ಒಲೆಗಳ ಮಾತು. 1952ರಲ್ಲಿ ಷಿಕಾಗೋ ಬಳಿಯ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಎಂಬಾತನು ನೀರಿನಲ್ಲಿ ತೇಲಿಬಿಡುವ ಲೋಹದ ಗೋಳವನ್ನು ಎರಡಾಗಿ ಕತ್ತರಿಸಿ, ಕೆಳಗಿನ ಅರ್ಧಕ್ಕೆ ಕಾಲು, ಮೇಲಿನದಕ್ಕೆ ಹಿಡಿ ಜೋಡಿಸಿ, ಗಾಳಿಯಾಡಲು ತೂತು ಕೊರೆದು ಮಾಡಿದ ದುಂಡು ಒಲೆಯೇ ಇಂದಿಗೂ ಅತ್ಯಂತ ಪ್ರಯೋಜನಕಾರಿ. ಅದರಲ್ಲಿ ಸುಡಬಹುದು, ಬೇಯಿಸಬಹುದು, ಹೊಗೆ ಹಿಡಿಸಬಹುದು. ಹೊಗೆಯ ಹುಚ್ಚು ಇಳಿದ ಮೇಲೆಯೂ ಜೋಳದ ತೆನೆ, ಬದನೆಕಾಯಿ ಸುಡಲು ಒದಗುತ್ತದೆ. ಅದೇ ಸಂಸ್ಥೆ 1981ರಲ್ಲಿ ತಂದ ನಿಲುವು ಕೊಳಗದಂಥ ಹೊಗೆಯೊಲೆಯಲ್ಲಿ ಕೆಂಡಕ್ಕೂ ಮಾಂಸಕ್ಕೂ ನಡುವೆ ನೀರಿನ ಬೋಗುಣಿ ಇರುತ್ತದೆ. ಅದು ಹೊಗೆಯ ಕೆಲಸದಲ್ಲಿ ದುಂಡು ಒಲೆಗಿಂತ ಒಂದು ಕೈ ಮೇಲು, ಉಳಿದ ಕೆಲಸಗಳಲ್ಲಿ ಒಂದು ಕೈ ಕೆಳಗು. ಜಪಾನಿನ ಮೂಲದ ಕಮಾದೊ ಎಂಬ ಪಿಂಗಾಣಿಯ ಒಲೆ ಬಹಳ ಚಂದ. ಇದ್ದಿಲನ್ನೂ ಕಡಿಮೆ ತಿನ್ನುತ್ತದೆ. ಆದರೆ ದೊಡ್ಡ ಕಮಾದೊವನ್ನು ಎತ್ತಲು ಇಬ್ಬರು ಮೂವರು ಬೇಕು, ಬಿದ್ದರೆ ಒಡೆಯುತ್ತದೆ. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ನೌಕರನು ಅದನ್ನು ಲಾರಿಗೆ ಏರಿಸಿ ಇಳಿಸುವ ಚಿಂತೆಯಲ್ಲಿಯೇ ನಿದ್ದೆಗೆಡಬೇಕು.

ಮರದ ಪುಡಿಯ ಗುಳಿಗೆಗಳನ್ನು ತಾನೇ ಉರಿಸಿಕೊಂಡು ತಾನೇ ಕಾವು ಹದಮಾಡಿಕೊಳ್ಳುವ ವಿದ್ಯುತ್ ಯಂತ್ರಗಳಿಗೆ ಮರುಳಾಗುವವರು ಹೆಚ್ಚು. ಇಲ್ಲಿ ಸುಲಭವಾಗಿ ದೊರೆಯುವ ಗುಳಿಗೆಗಳು ಕಾರ್ಖಾನೆಯ ಬಾಯ್ಲರುಗಳಿಗಾಗಿ ಕೃಷಿ ಕಸದಿಂದ ಮಾಡಿದವು. ಅವುಗಳ ಹೊಗೆ ಆಹಾರಕ್ಕೆ ತಗುಲಬಾರದು. ಆಹಾರಕ್ಕೆ ಯೋಗ್ಯವಾದವನ್ನು ಪ್ರತಿಸಲವೂ ದೂರದಿಂದ ತರಿಸಬೇಕು. ಅಮೆರಿಕದಿಂದ ಮಗನು ಪ್ರೀತಿಯಿಂದ ಕಳುಹಿಸಿದ ವಿದ್ಯುತ್ ಹೊಗೆಪೆಟ್ಟಿಗೆಯ ಕಥೆಯೂ ಇಷ್ಟೆ. ಅಲ್ಲಿಯ ಮನೆಗಳ ವಿದ್ಯುತ್ತು ಸುಮಾರು 120 ವೋಲ್ಟು, ಇಲ್ಲಿಯದು 230. ನೇರವಾಗಿ ಚುಚ್ಚಿದರೆ ಮೊದಲ ದಿನವೇ ಸುಟ್ಟುಹೋಗುತ್ತದೆ. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರು ಬೇರೆ ಕೊಳ್ಳಬೇಕು. ಗುಜರಿಯಿಂದ 200 ಲೀಟರಿನ ಪೀಪಾಯಿ ತಂದು ವೆಲ್ಡಿಂಗಿನವನಿಂದ ಮಾಡಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ. ಆದರೆ ಆ ಪೀಪಾಯಿಯಲ್ಲಿ ಹಿಂದೆ ಏನಿತ್ತೆಂದು ಖಚಿತವಾಗಿ ತಿಳಿದಿರಬೇಕು. ರಾಸಾಯನಿಕ ತುಂಬಿದ್ದು, ಒಳಗೆ ಬಣ್ಣ ಬಳಿದದ್ದು, ಸತುವಿನ ಲೇಪವಿರುವ ತಗಡು ಇವು ಕಾದಾಗ ವಿಷವನ್ನು ಉಗುಳುತ್ತವೆ. ಉಳಿಸಿದ ಹಣಕ್ಕಾಗಿ ಮೈಗೆ ಕೇಡು ತಂದುಕೊಳ್ಳುವುದು ಮಿತವ್ಯಯವೆನಿಸದು.

ದುಂಡು ಒಲೆಯನ್ನು ಕೊಳ್ಳುವಾಗ ಮೇಜಿನ ಮೇಲಿಡುವ ಆಟಿಕೆಯಂಥದನ್ನು ತರಬಾರದು. ಕೆಂಡಕ್ಕೂ ಮಾಂಸಕ್ಕೂ ಪಕ್ಕಪಕ್ಕದಲ್ಲಿ ಅಂತರ ಬೇಕಾದುದರಿಂದ 47ರಿಂದ 57 ಸೆಂಟಿಮೀಟರ್ ವ್ಯಾಸ ಸರಿಯಾದೀತು. ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ, ಮೇಲೆ ಕೆಳಗೆ ಗಾಳಿಯ ಕಂಡಿಗಳು ಸರಾಗವಾಗಿ ಆಡುತ್ತವೆಯೇ ಎಂಬುದನ್ನು ಅಂಗಡಿಯಲ್ಲಿಯೇ ನೋಡಬೇಕು. ಕಾವನ್ನು ಆಳುವುದು ಆ ಕಂಡಿಗಳೇ. ಮುಂಬಯಿ, ಚೆನ್ನೈಗಳ ಉಪ್ಪುಗಾಳಿಯಲ್ಲಿ ಬಣ್ಣ ಬಳಿದ ತೆಳುತಗಡು ಎರಡು ಮಳೆಗಾಲ ಕಾಣುವುದೂ ಕಷ್ಟ. ಎನಾಮೆಲ್ ಲೇಪದ ಉಕ್ಕಿಗೆ ತುಸು ಹೆಚ್ಚು ಕೊಡುವುದು ನ್ಯಾಯ. ಬೂದಿ ತೇವವನ್ನು ಹೀರಿ ಲೋಹವನ್ನು ತಿನ್ನುವುದರಿಂದ, ಅದು ಪೂರ್ತಿ ಆರಿದ ಮೇಲೆ ಪ್ರತಿಸಲವೂ ತೆಗೆದುಹಾಕಬೇಕು. (ಈ ಕೆಲಸವನ್ನೂ ಜಿಡ್ಡು ಹಿಡಿದ ಜಾಲರಿ ತಿಕ್ಕುವ ಕೆಲಸವನ್ನೂ ಯಂತ್ರ ತಂದ ಯಜಮಾನನೇ ಮಾಡುವನೆಂಬ ಒಪ್ಪಂದ ಗೃಹಿಣಿಯೊಡನೆ ಮೊದಲೇ ಆಗಿದ್ದರೆ ಲೇಸು.) ಕೆಂಡವನ್ನು ಒಂದು ಬದಿಗೆ ಕೂಡಿ, ಮಾಂಸವನ್ನು ಇನ್ನೊಂದು ಬದಿಗಿಟ್ಟು, ಮಾಂಸದ ಕೆಳಗೆ ನೀರು ತುಂಬಿದ ತಟ್ಟೆಯಿರಿಸಿ, ಒಳಗಿನ ಕಾವನ್ನು 110ರಿಂದ 120 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹಿಡಿದರೆ ದುಬಾರಿ ಯಂತ್ರ ಮಾಡುವುದನ್ನೆಲ್ಲ ಇದು ಮಾಡುತ್ತದೆ. ಹಂದಿಯ ಮಾಂಸದ ಒಳಗಾವು 70 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಮೇಲೇರದೆ ನಿಲ್ಲುವುದುಂಟು. ಒಲೆ ಕೆಟ್ಟಿತೆಂದು ಹೊಸಬನು ಗಾಬರಿಯಾಗಿ ಇದ್ದಿಲು ಸುರಿಯುತ್ತಾನೆ. ಬೆವರು ಮೈಯನ್ನು ತಂಪಾಗಿಡುವಂತೆ ಮಾಂಸದ ನೀರು ಆವಿಯಾಗುತ್ತ ಕಾವನ್ನು ತಡೆಯುತ್ತಿದೆ, ಅಷ್ಟೆ, ಕಾದರೆ ಏರುತ್ತದೆ. ಬೆಂದ ಮೇಲೆ ಸವರಲು ಹೊರದೇಶದ ಸೀಸೆಗಳೂ ಬೇಕಿಲ್ಲ. ಉತ್ತರ ಕೆರೊಲಿನಾದ ಪೂರ್ವಭಾಗದವರು ಹಂದಿಗೆ ವಿನೆಗರು, ಮೆಣಸಿನಕಾಯಿಗಳ ತೆಳುವಾದ ಹುಳಿಸಾರು ಹಾಕುತ್ತಾರೆ; ಕೊಡಗಿನ ಕಾಚಂಪುಳಿ ಮನೆಯಲ್ಲಿರುವವರು ಅದಕ್ಕಾಗಿ ಅಸೂಯೆಪಡಬೇಕಾಗಿಲ್ಲ.

ಮುಚ್ಚಳದಲ್ಲಿ ಕೂರಿಸಿರುವ ಮುಳ್ಳಿನ ಮಾಪಕವನ್ನು ಅಲಂಕಾರವೆಂದೇ ತಿಳಿಯಬೇಕು. ಅದು ಮೇಲಿನ ಗಾಳಿಯ ಕಾವನ್ನು ಹೇಳೀತೇ ವಿನಾ ಮಾಂಸದ ಪಕ್ಕದ್ದನ್ನಲ್ಲ. ಜಾಲರಿಯ ಮಟ್ಟದಲ್ಲಿ ಒಂದು, ಮಾಂಸದ ಒಡಲಿಗೆ ಚುಚ್ಚಲು ಇನ್ನೊಂದು, ಹೀಗೆ ಎರಡು ಪ್ರತ್ಯೇಕ ಮಾಪಕಗಳು ಬೇಕು. ಕುದಿಯುವ ನೀರಿನಲ್ಲಿ ಅದ್ದಿ ಅವುಗಳ ಸತ್ಯವನ್ನು ಪರೀಕ್ಷಿಸಬಹುದು. ಮುಂಬಯಿ, ಚೆನ್ನೈಗಳಲ್ಲಿ 100 ಡಿಗ್ರಿ ತೋರಿಸಬೇಕು. ಪುಣೆ, ಹೈದರಾಬಾದುಗಳು ಎತ್ತರದಲ್ಲಿರುವುದರಿಂದ ಸುಮಾರು 98. ಬೆಂಗಳೂರಿಗೆ ಒಯ್ದರೆ 97. ಹಣ ಸಾಲದೆ ಬಂದರೆ ಒಲೆಯ ಬೆಲೆಯಲ್ಲಿ ಕಡಿತ ಮಾಡಬಹುದು, ಮಾಪಕದಲ್ಲಿ ಕೂಡದು. ಕೋಳಿಯ ಒಳಗಾವು 74 ಡಿಗ್ರಿ, ಹಂದಿಯ ಇಡೀ ತುಂಡಿನದು ಕನಿಷ್ಠ 63 ಡಿಗ್ರಿ ಮುಟ್ಟಿ ಮೂರು ನಿಮಿಷ ನಿಲ್ಲಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಹೆಗಲಿನ ಮಾಂಸ ಎಳೆಯೆಳೆಯಾಗಿ ಬಿಡಿಸಿಕೊಳ್ಳಬೇಕಾದರೆ 93ರವರೆಗೂ ಏರಬೇಕು. ಹೊಗೆಯ ಬಣ್ಣ ಹಿಡಿದ ಕೋಳಿ ಹೊರಗೆ ಕೆಂಪಗೆ ಕಂಡರೂ ಒಳಗೆ ಹಸಿಯಿರಬಹುದಾದುದರಿಂದ ಕಣ್ಣನ್ನು ನಂಬುವಂತಿಲ್ಲ. 4ರಿಂದ 60 ಡಿಗ್ರಿಯವರೆಗಿನ ಕಾವು ರೋಗಾಣುಗಳಿಗೆ ಹಬ್ಬ. ಬೆಂದ ಮಾಂಸ ಎರಡು ಗಂಟೆಯೊಳಗೆ ಹೊಟ್ಟೆಗೋ ಶೀತಪೆಟ್ಟಿಗೆಗೋ ಸೇರಬೇಕು.

ಈಗ ಲೆಕ್ಕ. ವರ್ಷದಲ್ಲಿ 52 ಭಾನುವಾರಗಳು. ಮುಂಬಯಿಯಲ್ಲಿ ಮಳೆಯ ನಾಲ್ಕು ತಿಂಗಳಿಗೆ 17 ಹೋದವು. ಶ್ರಾವಣವೂ ಅದರಲ್ಲಿಯೇ ಅಡಗಿತು. ಬೇಸಿಗೆಯಲ್ಲಿ ಕೆಂಡದ ಮುಂದೆ ಆರು ಗಂಟೆ ಕೂರುವ ಉತ್ಸಾಹ ಯಾರಿಗೂ ಇರದು. ಮದುವೆ, ಮುಂಜಿ, ಮಕ್ಕಳ ಪರೀಕ್ಷೆ, ವ್ರತ, ಊರಿನ ಪ್ರಯಾಣ ಇವನ್ನು ಕಳೆದು ಉಳಿದ ದಿನಗಳಲ್ಲಿ ಆರು ಸಲ ಒಲೆ ಹೊತ್ತಿತೆಂದರೆ ಉದಾರವಾದ ಅಂದಾಜು. ಐದು ವರ್ಷಕ್ಕೆ 30 ಸಲ. ಲೆಕ್ಕದ ಸೌಲಭ್ಯಕ್ಕಾಗಿ ಸಾಧಾರಣ ಒಲೆಗೂ ಮಾಪಕಗಳಿಗೂ ಸೇರಿ 15,000 ರೂಪಾಯಿ, ದೊಡ್ಡ ಯಂತ್ರಕ್ಕೆ 60,000 ರೂಪಾಯಿ ಎಂದಿಟ್ಟುಕೊಂಡರೆ, ಒಂದು ಸಲ ಹೊತ್ತಿಸಲು ಮೊದಲನೆಯದಕ್ಕೆ 500, ಎರಡನೆಯದಕ್ಕೆ 2,000 ತಗುಲಿತು. ಇದ್ದಿಲು, ಮಾಂಸ ಬೇರೆ. ಉಳಿದ 45,000ವನ್ನು ನೂರಕ್ಕೆ 6ರ ಚಕ್ರಬಡ್ಡಿಯಲ್ಲಿ ಐದು ವರ್ಷ ಠೇವಣಿ ಇಟ್ಟರೆ ಸುಮಾರು 60,200 ರೂಪಾಯಿ ಆಗುತ್ತದೆ. ವರಮಾನ ತೆರಿಗೆಯ ಮಾತನ್ನು ಬದಿಗಿಟ್ಟರೆ, ಸಣ್ಣ ಒಲೆಯಲ್ಲಿ ಐದು ವರ್ಷ ಕೋಳಿ ತಿಂದವನ ಕೈಗೆ ದೊಡ್ಡ ಯಂತ್ರದ ಬೆಲೆಯೇ ಬಂದು ಸೇರಿತು. ಆ ಹೊತ್ತಿಗೂ ಹುಮ್ಮಸ್ಸು ಉಳಿದಿದ್ದರೆ ಧಾರಾಳವಾಗಿ ಕೊಳ್ಳಲಿ.

ಅಂಗಡಿಯವನು 'ಬಡ್ಡಿಯಿಲ್ಲದ ಕಂತು' ಎಂದು ಆಸೆ ತೋರಿಸುತ್ತಾನೆ. ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ಹೇಳಿದೆ. ಆ ಬಡ್ಡಿ ಸಾಮಾನಿನ ಬೆಲೆಯಲ್ಲಿಯೋ, ಬಿಟ್ಟುಕೊಟ್ಟ ರಿಯಾಯಿತಿಯಲ್ಲಿಯೋ, ಸಂಸ್ಕರಣ ಶುಲ್ಕದಲ್ಲಿಯೋ ಅವಿತಿರುತ್ತದೆ. ನಗದು ಕೊಟ್ಟರೆ ಎಷ್ಟೆಂದು ಕೇಳಿದರೆ ಅದು ಹೊರಗೆ ಬರುತ್ತದೆ. ಮಾಂಸದ ತೂಕವನ್ನೂ ಮರೆಯಬಾರದು. ಮೂರು ಕಿಲೋ ಹೆಗಲಿನ ಮಾಂಸ ಒಲೆಯಿಂದ ಇಳಿಯುವಾಗ ಹೆಚ್ಚುಕಡಿಮೆ 1.8 ಕಿಲೋ ಉಳಿಯುತ್ತದೆ. ಕಿಲೋಗೆ 400 ರೂಪಾಯಿ ಕೊಟ್ಟು ತಂದಿದ್ದರೆ ತಟ್ಟೆಗೆ ಬೀಳುವ ಮಾಂಸದ ಬೆಲೆ ಕಿಲೋಗೆ 667 ಎಂದಾಯಿತು. ಮೂರು ನಾಲ್ಕು ಸ್ನೇಹಿತ ಕುಟುಂಬಗಳು ಕೂಡಿ ಒಂದೇ ಒಲೆ ಕೊಳ್ಳುವುದು ಇದಕ್ಕೆಲ್ಲ ಒಳ್ಳೆಯ ಪರಿಹಾರ. ಸಂಘದ ವನಭೋಜನಕ್ಕೂ ಅದು ಒದಗೀತು.

ಇಂಧನದಲ್ಲಿ ಕಂಜೂಸುತನ ಸಲ್ಲದು. ಕಾವಿಗೆ ತೆಂಗಿನ ಚಿಪ್ಪಿನ ಇದ್ದಿಲು ಅಥವಾ ಗಟ್ಟಿಮರದ ಇದ್ದಿಲು, ಪರಿಮಳಕ್ಕೆ ಒಣಗಿದ ಸೀಬೆಮರದ ನಾಲ್ಕಾರು ತುಂಡು ಸಾಕು. ಬಡಗಿಯ ಅಂಗಡಿಯಲ್ಲಿ ಬಿಟ್ಟಿಯಾಗಿ ದೊರೆಯುವ ಪ್ಲೈವುಡ್ಡಿನ ಚೂರು, ಬಣ್ಣ ಹಚ್ಚಿದ ಹಲಗೆ, ಸಾಮಾನು ಬಂದ ಪೆಟ್ಟಿಗೆಯ ಮರ ಇವುಗಳಲ್ಲಿ ಅಂಟು, ಬಣ್ಣ, ಕೀಟನಾಶಕಗಳಿರುತ್ತವೆ. ಹೆದ್ದಾರಿಗಳ ನಡುಪಟ್ಟಿಯಲ್ಲಿ ಹೂಬಿಟ್ಟು ನಿಲ್ಲುವ ಕಣಗಿಲೆಯ ಕೊಂಬೆಯಂತೂ ಸಾಕ್ಷಾತ್ ವಿಷ. ಅದರ ಹೊಗೆಯೂ ವಿಷವೇ. ಸೀಮೆಎಣ್ಣೆ ಸುರಿದು ಹೊತ್ತಿಸಿದರೆ ಊಟದ ಮೇಲೂ ಅದೇ ವಾಸನೆ. ದಟ್ಟವಾದ ಬಿಳಿಯ ಹೊಗೆ ಏಳುತ್ತಿರುವಾಗ ಮಾಂಸವಿಟ್ಟರೆ ಕಹಿಯಾಗುತ್ತದೆ. ತೆಳುವಾಗಿ, ನೀಲಿಯೋ ಎಂಬಂತೆ ಹೊಗೆಯಾಡುವವರೆಗೆ ಕಾಯಬೇಕು.

ಆರೋಗ್ಯದ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರ ಅಕ್ಟೋಬರಿನಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಉಪ್ಪು ಹಾಕುವುದು, ಹುದುಗಿಸುವುದು, ಹೊಗೆ ಹಿಡಿಸುವುದು ಎಲ್ಲವೂ ಆ ವ್ಯಾಖ್ಯೆಯಲ್ಲಿವೆ. ದಿನವೂ 50 ಗ್ರಾಂ ತಿನ್ನುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ನೂರಕ್ಕೆ 18ರಷ್ಟು ಏರುತ್ತದೆಂದು ಅದು ಅಂದಾಜು ಮಾಡಿತು. ತಂಬಾಕೂ ಅದೇ ಗುಂಪಿನಲ್ಲಿದೆಯೆಂದು ಕೆಲವರು ಹೌಹಾರುತ್ತಾರೆ. ಗುಂಪು ಹೇಳುವುದು ಸಾಕ್ಷ್ಯದ ಬಲವನ್ನು, ಅಪಾಯದ ಪ್ರಮಾಣವನ್ನಲ್ಲ. ಹೊಗೆಯಲ್ಲಿರುವ ಬೆಂಜೊಪೈರೀನ್ ಮೊದಲಾದ ವಸ್ತುಗಳು ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಉರಿದಾಗ ಹೆಚ್ಚುತ್ತವೆ. ಮಾಂಸದ ಕೆಳಗಿನ ನೀರಿನ ತಟ್ಟೆ ಈ ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ವರ್ಷಕ್ಕೆ ಐದಾರು ಸಲ ತಿನ್ನುವವನಿಗೂ ವಾರವಾರವೂ ತಿನ್ನುವವನಿಗೂ ಅಂತರ ಬಹಳವಿದೆ. ದೊಡ್ಡ ಬಂಡವಾಳ ಹೂಡಿದವನು ಅದನ್ನು ಸಾರ್ಥಕಗೊಳಿಸಲು ವಾರವಾರವೂ ಹೊತ್ತಿಸಲು ತೊಡಗುತ್ತಾನೆ. ಸಣ್ಣ ಒಲೆಯ ಪರವಾಗಿ ಇದೂ ಒಂದು ವಾದ. ರಕ್ತದೊತ್ತಡವುಳ್ಳವರು ಉಪ್ಪುನೀರಿನಲ್ಲಿ ನೆನೆಸುವ ಕ್ರಮವನ್ನು ಬಿಟ್ಟು ಮೆಣಸು, ಬೆಳ್ಳುಳ್ಳಿ, ಹುಳಿಗಳಿಂದ ತೃಪ್ತಿಪಡಬೇಕು.

ಕೊನೆಗೆ ಜಾಗ. ಮಹಾನಗರದ ಬಹುಪಾಲು ಕನ್ನಡಿಗರ ವಾಸ ಫ್ಲ್ಯಾಟುಗಳಲ್ಲಿ. ಬಾಲ್ಕನಿಯಲ್ಲಿ ಇದ್ದಿಲು ಒಲೆ ಹೊತ್ತಿಸಬಹುದೇ ಎಂಬ ಪ್ರಶ್ನೆಗೆ ಒಂದೇ ಉತ್ತರ: ಕೂಡದು. ಇದ್ದಿಲಿನಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಒಳಕ್ಕೆ ಸರಿದರೆ ಮಲಗಿದವರು ಏಳುವುದಿಲ್ಲ. ಆರುತ್ತಿರುವ ಒಲೆಯನ್ನು ಮಳೆ ಬಂತೆಂದು ಒಳಗೆ ಎಳೆದಿಡುವುದು ಇನ್ನೂ ಅಪಾಯ. ಮೇಲಿನ ಮಹಡಿಯಲ್ಲಿ ಉಬ್ಬಸದ ಅಜ್ಜಿಯಿರಬಹುದು, ಹಸುಗೂಸಿರಬಹುದು. ಕಿಡಿಯ ಭಯವಂತೂ ಕಲ್ಪಿತವಲ್ಲ. 2017ರ ಡಿಸೆಂಬರ್ 28ರ ನಡುರಾತ್ರಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಹಡಿಯ ಮೇಲಿನ ಉಪಾಹಾರಗೃಹಗಳಿಗೆ ಬೆಂಕಿ ಬಿದ್ದು 14 ಜನ ಸತ್ತಾಗ, ಹುಕ್ಕಾದ ಇದ್ದಿಲಿನಿಂದ ಹಾರಿದ ಕಿಡಿಗಳೇ ಕಾರಣವಾಗಿರಬಹುದೆಂದು ಅಗ್ನಿಶಾಮಕ ದಳ ವರದಿ ಮಾಡಿತು. ದೆಹಲಿಯಲ್ಲಿ ಚಳಿಗಾಲದ ಮಾಲಿನ್ಯ ಏರಿದಾಗ ಹೋಟೆಲುಗಳ ತಂದೂರಿಗೂ ಇದ್ದಿಲು, ಸೌದೆ ಉರಿಸಬಾರದೆಂಬ ಆಜ್ಞೆ ಹೊರಡುತ್ತದೆ. ಸ್ವಂತ ಅಂಗಳವಿದ್ದವನು, ಊರಾಚೆ ತುಂಡು ಜಮೀನಿದ್ದವನು, ಸೊಸೈಟಿಯ ಲಿಖಿತ ಒಪ್ಪಿಗೆಯಿಂದ ನೆಲದ ಮೇಲಿನ ಬಯಲಿನಲ್ಲಿ ಒಲೆಯಿಡಬಲ್ಲವನು ಮಾತ್ರ ಅಂಗಡಿಗೆ ಹೋಗಲಿ.

ಉಳಿದವರಿಗೆ ಉತ್ತರ ಹಿಂದೂಸ್ತಾನದ 'ದುಂಗಾರ್' ಎಂಬ ವಿಧಾನವಿದೆ. ಕೊಳ್ಳಬಯಸುವವರೂ ತಮ್ಮ ಮನೆಯವರಿಗೆ ಹೊಗೆಯ ರುಚಿ ಒಗ್ಗುತ್ತದೆಯೇ ಎಂದು ಮೊದಲು ಹೀಗೆಯೇ ಪರೀಕ್ಷಿಸುವುದು ಜಾಣತನ. ಹೊಸದಾಗಿ ಕೊಳ್ಳಬೇಕಾದ ಪಾತ್ರೆ ಒಂದೂ ಇಲ್ಲ. ಬೆಂದ ಕೋಳಿಯ ಪಾತ್ರೆಯ ನಡುವೆ ಸಣ್ಣ ಸ್ಟೀಲಿನ ಬಟ್ಟಲಿಟ್ಟು, ನಿಗಿನಿಗಿ ಕೆಂಡದ ಒಂದೇ ತುಂಡನ್ನು ಅದರಲ್ಲಿ ಹಾಕಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಳ ಮುಚ್ಚಬೇಕು. ಕಿಟಕಿ ತೆರೆದಿರಲಿ. ಐದು ನಿಮಿಷದ ಮೇಲೆ ಬಟ್ಟಲನ್ನು ಇಕ್ಕಳದಿಂದ ಹೊರತೆಗೆದು, ಕೆಂಡವನ್ನು ನೀರಿನಲ್ಲಿ ಮುಳುಗಿಸಿ ಪೂರ್ತಿ ಆರಿಸಿದ ಬಳಿಕವೇ ಊಟಕ್ಕೆ ಕೂರುವುದು.